‘ಮೊದಲು ನೀವೇ ನೋಡಿಕೊಂಡು ಬನ್ನಿ’ ಎಂದು ಏಜೆಂಟರು ಹೇಳಿದಾಗ: ಅಮೆರಿಕದಲ್ಲಿ ಮನೆ ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಮೊದಲ ಸಲ ಮನೆ ಕೊಳ್ಳಲು ಹೊರಟವರಿಗೆ ಏಜೆಂಟರಿಂದ ಒಂದಲ್ಲ ಒಂದು ದಿನ ಇಂಥ ಸಂದೇಶ ಬಂದೇ ಬರುತ್ತದೆ: ‘ಎಂಟು ಮನೆಗಳ ಪಟ್ಟಿ ಕಳಿಸಿದ್ದೇನೆ. ಮೊದಲು ನೀವೇ ಒಂದು ಸುತ್ತು ಹಾಕಿ ನೋಡಿಕೊಂಡು ಬನ್ನಿ, ಹಿಡಿಸಿದ್ದನ್ನು ತಿಳಿಸಿ.’ ಇದನ್ನು ಓದಿ ಕೆಲವರು ಬೇಸರಪಟ್ಟುಕೊಳ್ಳುತ್ತಾರೆ, ಕೆಲವರು ಮರುಮಾತಿಲ್ಲದೆ ಕಾರು ತೆಗೆಯುತ್ತಾರೆ. ನಾನು ಎರಡನ್ನೂ ಮಾಡಿದ್ದೇನೆ. ಮನೆ ಹುಡುಕುತ್ತಿರುವ ಪರಿಚಿತರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಆದ್ದರಿಂದ ಸಹಿ ಹಾಕುವ ಮುನ್ನ ಕಾಗದವನ್ನು ನಿಮ್ಮ ರಾಜ್ಯದ ವಕೀಲರೊಬ್ಬರಿಗೆ ತೋರಿಸಿದರೆ ನಷ್ಟವೇನೂ ಇಲ್ಲ.

ಏಜೆಂಟರು ಹೀಗೆ ಹೇಳುವುದು ಸರಿಯೇ? ಇದು ಕೆಲಸ ತಪ್ಪಿಸಿಕೊಳ್ಳುವ ಉಪಾಯವಲ್ಲವೇ?

ಏನನ್ನು ನೋಡಲು ಹೇಳಿದರು ಎಂಬುದರ ಮೇಲೆ ಉತ್ತರ ನಿಂತಿದೆ. ಬೀದಿಯನ್ನು, ಸುತ್ತಲಿನ ಜಾಗವನ್ನು, ಮನೆಯ ಹೊರಮೈಯನ್ನು ನೋಡಿ ಬನ್ನಿ ಎಂದರೆ ಅದು ನ್ಯಾಯವಾದ ಮಾತು. ಆ ಬೀದಿಯಲ್ಲಿ ವರ್ಷಗಟ್ಟಲೆ ಇರಬೇಕಾದವರು ನೀವು, ಅವರಲ್ಲ. ಮಾರಾಟದ ಮನೆಯನ್ನು ಎಲ್ಲರೂ ಬಂದು ನೋಡಲೆಂದು ತೆರೆದಿಡುವ ಓಪನ್ ಹೌಸ್‌ಗೆ ಹೋಗಿ ಬನ್ನಿ ಎಂದರೂ ತಪ್ಪಿಲ್ಲ, ಆದರೆ ಅಲ್ಲಿ ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನು ಮೊದಲೇ ತಿಳಿಸಿ ಕಳಿಸಬೇಕು. ಬೀಗದ ಕೋಡ್ ಕೊಟ್ಟು ಒಳಗೆ ಹೋಗಿ ನೋಡಿ ಎಂದರೆ ಮಾತ್ರ ಅದು ಬೇರೆಯೇ ವಿಷಯ. ಆ ಕೆಲಸ ಏಜೆಂಟರದೇ, ಅದನ್ನು ನಿಮ್ಮ ಹೆಗಲಿಗೆ ದಾಟಿಸುವ ಅಧಿಕಾರ ಅವರಿಗಿಲ್ಲ.

ಅವರ ಕಡೆಯ ಕಷ್ಟವನ್ನೂ ಹೇಳಬೇಕು. ಖರೀದಿದಾರರ ಏಜೆಂಟರಿಗೆ ಸಾಮಾನ್ಯವಾಗಿ ಹಣ ಸಿಗುವುದು ಕ್ಲೋಸಿಂಗ್ ದಿನ, ಎಂದರೆ ಮನೆ ಕೊಂಡವರ ಹೆಸರಿಗೆ ಆಗುವ ದಿನ, ಅದೂ ವ್ಯವಹಾರ ಕುದುರಿದರೆ ಮಾತ್ರ. ಒಂದು ಶನಿವಾರವಿಡೀ ತಿರುಗಿ ತೋರಿಸಿದ ಆರು ಮನೆಗಳಲ್ಲಿ ನಾಲ್ಕನ್ನು ಖರೀದಿದಾರರು ‘ಅಯ್ಯೋ, ಹಿಂದೆಯೇ ಹೆದ್ದಾರಿ ಇದೆ’ ಎಂದು ಕಾರಿನಿಂದ ಇಳಿಯದೆಯೇ ಬೇಡವೆಂದರೆ, ಆ ದಿನದ ಪೆಟ್ರೋಲು ಮತ್ತು ಸಮಯ ಅವರ ಕೈಯಿಂದಲೇ ಹೋಗುತ್ತದೆ. ಜೊತೆಗೆ, ಮನೆಯಲ್ಲಿ ಜನ ವಾಸವಿದ್ದರೆ ಪ್ರತಿ ಶೋಯಿಂಗ್‌ಗೂ ಅವರು ಅಡುಗೆಮನೆ ಒರೆಸಿ, ನಾಯಿಯನ್ನು ಕಟ್ಟಿಕೊಂಡು, ಮಕ್ಕಳನ್ನು ಎಬ್ಬಿಸಿಕೊಂಡು ಹೊರಗೆ ಹೋಗಬೇಕು. ಹೊರಗಿನಿಂದಲೇ ಬೇಡವೆನಿಸುವ ಮನೆಗಾಗಿ ಅವರನ್ನು ಹೊರಡಿಸುವುದು ಸೌಜನ್ಯವಲ್ಲ.

ಗುರುತು ಪರಿಚಯವಿಲ್ಲದ ಹೊಸ ಗಿರಾಕಿಯೊಂದಿಗೆ ಖಾಲಿ ಮನೆಗೆ ಬರಲು ಕೆಲವು ಏಜೆಂಟರು ಹಿಂಜರಿಯುತ್ತಾರೆ. ಇದನ್ನು ಅವಮಾನವೆಂದು ತಿಳಿಯಬೇಕೇ?

ಬೇಡ. 2014ರ ಸೆಪ್ಟೆಂಬರಿನಲ್ಲಿ ಅರ್ಕಾನ್ಸಾ ರಾಜ್ಯದಲ್ಲಿ ಮನೆ ತೋರಿಸಲು ಹೋಗಿದ್ದ ಮಹಿಳಾ ಏಜೆಂಟರೊಬ್ಬರನ್ನು ಗಿರಾಕಿಯ ಸೋಗಿನಲ್ಲಿ ಬಂದವನು ಅಪಹರಿಸಿ ಕೊಂದ ಮೇಲೆ ಈ ವೃತ್ತಿಯಲ್ಲಿ ಎಚ್ಚರಿಕೆ ಬಹಳ ಹೆಚ್ಚಿದೆ. ಮೊದಲ ಭೇಟಿ ಕಚೇರಿಯಲ್ಲೇ ಆಗಲಿ, ಗುರುತಿನ ಚೀಟಿ ತೋರಿಸಿ ಎಂದರೆ ಸಮ್ಮತಿಸಿ. ನಿಮಗೂ ಅವರ ಲೈಸೆನ್ಸ್ ಸಂಖ್ಯೆಯನ್ನು ರಾಜ್ಯದ ರಿಯಲ್ ಎಸ್ಟೇಟ್ ಇಲಾಖೆಯ ಜಾಲತಾಣದಲ್ಲಿ ಪರೀಕ್ಷಿಸುವ ಹಕ್ಕಿದೆ; ಎರಡು ನಿಮಿಷದ ಕೆಲಸ.

ಮನೆ ತೋರಿಸುವ ಮೊದಲೇ ಒಪ್ಪಂದಕ್ಕೆ ಸಹಿ ಕೇಳುತ್ತಾರೆ. ‘ಸಹಿ ಬೇಡವಾದರೆ ನೀವೇ ನೋಡಿಕೊಳ್ಳಿ’ ಎನ್ನುತ್ತಾರೆ. ಇದೇನು ಹೊಸ ಪದ್ಧತಿ?

ಹೌದು, ದೇಶದಾದ್ಯಂತ ಇದು ನಿಯಮವಾದದ್ದು 2024ರ ಆಗಸ್ಟ್ 17ರಿಂದ. ಅದರ ಹಿಂದಿನ ಕಥೆ ಹೀಗಿದೆ. ಹಳೆಯ ಪದ್ಧತಿಯಲ್ಲಿ ಮಾರುವವರೇ ಎರಡೂ ಕಡೆಯ ಏಜೆಂಟರ ಕಮಿಷನ್ ಕೊಡುತ್ತಿದ್ದರು, ಖರೀದಿದಾರರ ಏಜೆಂಟರಿಗೆ ಎಷ್ಟು ಸಿಗುತ್ತದೆ ಎಂಬುದು ಎಂಎಲ್‌ಎಸ್ ಎಂಬ, ಏಜೆಂಟರು ಹಂಚಿಕೊಳ್ಳುವ ಮಾರಾಟದ ಮನೆಗಳ ಪಟ್ಟಿಯಲ್ಲಿಯೇ ನಮೂದಾಗಿರುತ್ತಿತ್ತು. ಇದರಿಂದ ಕಮಿಷನ್ ಕೃತಕವಾಗಿ ಹೆಚ್ಚಾಗಿದೆ ಎಂದು ಮನೆ ಮಾರಿದವರು ಹೂಡಿದ ದಾವೆಯಲ್ಲಿ, 2023ರ ಅಕ್ಟೋಬರ್ 31ರಂದು ಮಿಸ್ಸೌರಿಯ ಕಾನ್ಸಾಸ್ ಸಿಟಿಯ ಜ್ಯೂರಿ ಏಜೆಂಟರ ಸಂಘವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ ಮತ್ತು ಏಜೆಂಟರು ಕೆಲಸ ಮಾಡುವ ಕೆಲವು ದೊಡ್ಡ ಕಂಪನಿಗಳ (ಬ್ರೋಕರೇಜ್‌ಗಳ) ವಿರುದ್ಧ ಸುಮಾರು 178 ಕೋಟಿ ಡಾಲರುಗಳ ತೀರ್ಪು ಕೊಟ್ಟಿತು. ಮರುವರ್ಷ ಮಾರ್ಚ್‌ನಲ್ಲಿ ಸಂಘ 41.8 ಕೋಟಿ ಡಾಲರು ಕೊಡಲು ಮತ್ತು ನಿಯಮ ಬದಲಿಸಲು ಒಪ್ಪಿ ರಾಜಿಯಾಯಿತು.

ಆ ರಾಜಿಯ ಪ್ರಕಾರ ಎಂಎಲ್‌ಎಸ್‌ನಲ್ಲಿ ಖರೀದಿದಾರರ ಏಜೆಂಟರ ಕಮಿಷನ್ನನ್ನು ನಮೂದಿಸುವಂತಿಲ್ಲ. ಅಲ್ಲದೆ ಖರೀದಿದಾರರ ಪರವಾಗಿ ಕೆಲಸ ಮಾಡುವ ಏಜೆಂಟರು ಮನೆಯೊಳಗೆ ಕರೆದುಕೊಂಡು ಹೋಗುವ ಮೊದಲು ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ತಮಗೆ ಸಲ್ಲಬೇಕಾದ ಹಣ ಎಷ್ಟೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು, ಅದಕ್ಕಿಂತ ಹೆಚ್ಚನ್ನು ಯಾರಿಂದಲೂ ಪಡೆಯುವಂತಿಲ್ಲ, ಮತ್ತು ಈ ಮೊತ್ತವನ್ನು ಕಾನೂನು ನಿಗದಿ ಮಾಡಿಲ್ಲ, ಚೌಕಾಶಿ ಮಾಡಬಹುದು ಎಂಬ ಮಾತು ಎದ್ದುಕಾಣುವಂತೆ ಇರಬೇಕು. ನೇರ ಪ್ರಸಾರದ ವಿಡಿಯೋದಲ್ಲಿ ಏಜೆಂಟರು ಮನೆಯೊಳಗೆ ನಡೆದು ತೋರಿಸಿದರೂ ಅದು ಮನೆ ತೋರಿಸಿದ ಲೆಕ್ಕವೇ. ಆದರೆ ನೀವೊಬ್ಬರೇ ಬೀದಿಯಲ್ಲಿ ಕಾರು ಓಡಿಸಿ ಹೊರಗಿನಿಂದ ನೋಡುವುದಕ್ಕಾಗಲಿ, ಮಾರುವವರ ಏಜೆಂಟರು ನಡೆಸುವ ಓಪನ್ ಹೌಸ್‌ಗೆ ಹೋಗುವುದಕ್ಕಾಗಲಿ ಯಾವ ಒಪ್ಪಂದವೂ ಬೇಕಿಲ್ಲ. ‘ನೀವೇ ನೋಡಿ ಬನ್ನಿ’ ಎಂಬ ಮಾತು ಈಚೆಗೆ ಹೆಚ್ಚು ಕೇಳಿಬರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಂದಾಜು: ಸಹಿಯ ಮಾತು ಎತ್ತಿ ಮುಜುಗರಪಡುವ ಬದಲು ಗಿರಾಕಿ ಎಷ್ಟು ಗಟ್ಟಿ ಎಂದು ಮೊದಲು ಅಳೆದು ನೋಡುತ್ತಾರೆ.

ಅವಸರದಲ್ಲಿ ಆರು ತಿಂಗಳ ಒಪ್ಪಂದಕ್ಕೆ ಸಹಿ ಹಾಕಬೇಡಿ. ಒಂದು ಮನೆಗೆ ಅಥವಾ ಒಂದು ವಾರಕ್ಕೆ ಸೀಮಿತವಾದ ಒಪ್ಪಂದವನ್ನು ಕೇಳಿ ಪಡೆಯಬಹುದು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಖರೀದಿದಾರರು ಸಂಸ್ಥೆಗಳಲ್ಲದೆ ವ್ಯಕ್ತಿಗಳಾಗಿದ್ದರೆ ಇಂಥ ಒಪ್ಪಂದದ ಅವಧಿ 3 ತಿಂಗಳನ್ನು ಮೀರುವಂತಿಲ್ಲ.

ಹೊರಗಿನಿಂದ ನೋಡಿದರೆ ಏನು ತಿಳಿಯುತ್ತದೆ? ಫೋಟೋಗಳು ಇವೆಯಲ್ಲ?

ಫೋಟೋ ತೆಗೆಯುವವರಿಗೆ ಹಣ ಕೊಟ್ಟವರು ಮಾರುವವರ ಕಡೆಯವರು ಎಂಬುದನ್ನು ಮರೆಯಬೇಡಿ. ನಾನು ನೋಡಿದ ಒಂದು ಮನೆಯ ಚಿತ್ರಗಳಲ್ಲಿ ಹಿತ್ತಲು ಹಸಿರಾಗಿ ಕಂಗೊಳಿಸುತ್ತಿತ್ತು, ಬಿಳಿ ಬೇಲಿಯ ಮೇಲ್ಗಡೆ ಬರೀ ಆಕಾಶ. ಪಕ್ಕದ ಓಣಿಗೆ ಕಾರು ತಿರುಗಿಸಿದಾಗ ಬೇಲಿಯ ಆಚೆ ವಿದ್ಯುತ್ ಸಬ್‌ಸ್ಟೇಷನ್ ಕಂಡಿತು. ಕಿಟಕಿ ಇಳಿಸಿದರೆ ಜೇನುಗೂಡಿನ ಬಳಿ ನಿಂತಂತೆ ಒಂದೇ ಸಮನೆ ಗುಂಯ್‌ಗುಡುವ ಸದ್ದು. ಫೋಟೋಗ್ರಾಫರ್ ಮಂಡಿಯೂರಿ ಕೂತು ಚಿತ್ರ ತೆಗೆದಿದ್ದರು, ಅಷ್ಟೆ, ಸುಳ್ಳೇನೂ ಹೇಳಿರಲಿಲ್ಲ.

ಒಂದೇ ಮನೆಗೆ ಮೂರು ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಎಂಬುದು ನನ್ನ ಸಲಹೆ. ವಾರದ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿನಲ್ಲಿ ಆ ಬೀದಿಯಿಂದ ಮುಖ್ಯ ರಸ್ತೆಗೆ ಎಡಕ್ಕೆ ತಿರುಗಲು ಎಷ್ಟು ಹೊತ್ತು ಕಾಯಬೇಕಾಗುತ್ತದೆ ನೋಡಿ. ರಾತ್ರಿ ಹತ್ತು ಗಂಟೆಯ ಮೇಲೆ ಎಂಜಿನ್ ನಿಲ್ಲಿಸಿ, ಕಿಟಕಿ ಇಳಿಸಿ, ಇಪ್ಪತ್ತು ನಿಮಿಷ ಸುಮ್ಮನೆ ಕೂರಿ. ನಮಗೆ ಬಹಳ ಹಿಡಿಸಿದ್ದ ಮನೆಯೊಂದನ್ನು ಶನಿವಾರ ಮಧ್ಯಾಹ್ನದ ನಿಶ್ಶಬ್ದದಲ್ಲಿ ಎರಡು ಸಲ ನೋಡಿದ್ದೆವು. ಮಂಗಳವಾರ ರಾತ್ರಿ ಹೋದಾಗ ಹತ್ತೂ ಮುಕ್ಕಾಲರ ಸುಮಾರಿಗೆ ಗೂಡ್ಸ್ ರೈಲೊಂದು ಕ್ರಾಸಿಂಗ್‌ನಲ್ಲಿ ನಾಲ್ಕು ಸಲ ಹಾರ್ನ್ ಹೊಡೆದು ಹೋಯಿತು, ಡ್ಯಾಶ್‌ಬೋರ್ಡ್ ಮೇಲಿಟ್ಟಿದ್ದ ಕಾಫಿ ಲೋಟದ ಮುಚ್ಚಳ ನಡುಗಿತು. ಹೆಂಡತಿ ಏನೂ ಹೇಳಲಿಲ್ಲ, ಪಟ್ಟಿಯಿಂದ ಆ ವಿಳಾಸವನ್ನು ಹೊಡೆದುಹಾಕಿದಳು. ಮೂರನೆಯ ಭೇಟಿ ಜೋರು ಮಳೆ ಬಂದ ದಿನ ಇರಲಿ. ಅಡಿಪಾಯದಿಂದ ಹೊರಕ್ಕೆ ಮೊದಲ 10 ಅಡಿಗಳಲ್ಲಿ ನೆಲ 6 ಅಂಗುಲವಾದರೂ ಇಳಿಜಾರಾಗಿರಬೇಕು ಎನ್ನುತ್ತದೆ ಬಹುತೇಕ ಕಡೆ ಅನುಸರಿಸುವ ವಸತಿ ಕಟ್ಟಡ ಸಂಹಿತೆ. ನೀರು ಗೋಡೆಯ ಕಡೆಗೇ ಹರಿಯುತ್ತಿದ್ದರೆ ರಸ್ತೆಯಲ್ಲಿ ನಿಂತೇ ಅದು ಕಾಣುತ್ತದೆ.

ಚಾವಣಿಯ ಶಿಂಗಲ್‌ಗಳ ಅಂಚು ಮೇಲಕ್ಕೆ ಸುರುಳಿ ಸುತ್ತಿಕೊಂಡಿದೆಯೇ, ದೊಡ್ಡ ಮರದ ಬೇರು ಕಾಲುದಾರಿಯ ಕಾಂಕ್ರೀಟನ್ನು ಎತ್ತಿದೆಯೇ, ಅಕ್ಕಪಕ್ಕದಲ್ಲಿ ಇನ್ನೂ ಎಷ್ಟು ಮಾರಾಟದ ಫಲಕಗಳಿವೆ ಎಂಬುದನ್ನೆಲ್ಲ ಕಾರಿನಲ್ಲಿ ಕೂತೇ ಗಮನಿಸಬಹುದು. ಹೊರಡುವ ಮೊದಲು ಮನೆಯಲ್ಲೇ ಕೂತು ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾದ ಪ್ರವಾಹ ನಕ್ಷೆಯಲ್ಲಿ ವಿಳಾಸ ಹಾಕಿ ನೋಡಿ. ವಲಯದ ಹೆಸರು ಎ ಅಥವಾ ವಿ ಅಕ್ಷರದಿಂದ ಶುರುವಾದರೆ ಆ ಜಾಗದಲ್ಲಿ ಯಾವುದೇ ವರ್ಷ ಪ್ರವಾಹ ಬರುವ ಸಾಧ್ಯತೆ ಕನಿಷ್ಠ ಶೇಕಡಾ 1 ಎಂದರ್ಥ. ಕೇಳಲು ಅಲ್ಪವೆನಿಸಿದರೂ 30 ವರ್ಷದ ಸಾಲದ ಅವಧಿಗೆ ಲೆಕ್ಕ ಹಾಕಿದರೆ ಅದು ಸುಮಾರು ಶೇಕಡಾ 26 ಆಗುತ್ತದೆ, ಸಾಲ ಕೊಡುವವರು ಪ್ರವಾಹ ವಿಮೆ ಕಡ್ಡಾಯ ಮಾಡುತ್ತಾರೆ, ತಿಂಗಳ ಲೆಕ್ಕಾಚಾರವೇ ಬದಲಾಗುತ್ತದೆ.

ಡ್ರೈವ್‌ವೇಯೊಳಕ್ಕೆ ಹೋಗುವುದು, ಹಿತ್ತಲಿನ ಗೇಟು ತೆರೆಯುವುದು, ಕಿಟಕಿಗೆ ಮುಖ ಒತ್ತಿ ಇಣುಕುವುದು ಬೇಡ. ಮನೆ ಖಾಲಿ ಇದ್ದರೂ ಅದು ಬೇರೆಯವರ ಜಾಗ, ಮತ್ತು ಇಲ್ಲಿ ನೆರೆಯವರು ಪೊಲೀಸರಿಗೆ ಫೋನ್ ಮಾಡಲು ಹಿಂದೆಮುಂದೆ ನೋಡುವುದಿಲ್ಲ.

‘ಈ ಬಡಾವಣೆ ಒಳ್ಳೆಯದೇ? ನಮ್ಮವರು ಇದ್ದಾರೆಯೇ?’ ಎಂದು ಕೇಳಿದರೆ ಏಜೆಂಟರು ಮಾತು ಹಾರಿಸಿ ‘ನೀವೇ ಹೋಗಿ ನೋಡಿ’ ಎನ್ನುತ್ತಾರೆ. ಏಕೆ?

ಅವರು ಹಾಗೆ ಹೇಳಿದರೆ ನಿಮ್ಮ ಏಜೆಂಟರಿಗೆ ಕೆಲಸ ಗೊತ್ತಿದೆ ಎಂದು ತಿಳಿಯಿರಿ. 1968ರ ಫೇರ್ ಹೌಸಿಂಗ್ ಕಾಯಿದೆ ಜನಾಂಗ, ಮೈಬಣ್ಣ, ಧರ್ಮ, ಮೂಲ ದೇಶಗಳ ಆಧಾರದ ಮೇಲೆ ವಸತಿಯಲ್ಲಿ ಭೇದ ಮಾಡುವುದನ್ನು ನಿಷೇಧಿಸಿತು. 1974ರಲ್ಲಿ ಲಿಂಗವೂ 1988ರಲ್ಲಿ ಅಂಗವೈಕಲ್ಯ ಮತ್ತು ಮಕ್ಕಳಿರುವ ಕುಟುಂಬ ಎಂಬುದೂ ಆ ಪಟ್ಟಿಗೆ ಸೇರಿದವು. ಗಿರಾಕಿಯನ್ನು ಅವರ ಹಿನ್ನೆಲೆ ನೋಡಿ ಒಂದು ಬಡಾವಣೆಯ ಕಡೆಗೆ ತಳ್ಳುವುದು ಅಥವಾ ಇನ್ನೊಂದರಿಂದ ದೂರ ಇಡುವುದು ಈ ಕಾಯಿದೆಯಡಿ ತಪ್ಪು. ನಾವು ಅಕ್ಕರೆಯಿಂದ ಕೇಳುವ ‘ಅಲ್ಲಿ ಭಾರತೀಯರು ಇದ್ದಾರೆಯೇ’ ಎಂಬ ಪ್ರಶ್ನೆಗೆ ಉತ್ತರಿಸಿದರೂ ಏಜೆಂಟರು ಸಿಕ್ಕಿಹಾಕಿಕೊಳ್ಳಬಹುದು.

ಆದ್ದರಿಂದ ಈ ಭಾಗದ ತನಿಖೆ ನಿಮ್ಮದೇ. ಅಪರಾಧದ ಅಂಕಿಅಂಶ ಬೇಕೆಂದರೆ ಸ್ಥಳೀಯ ಪೊಲೀಸ್ ಇಲಾಖೆಯಲ್ಲಿ ಸಿಗುತ್ತದೆ. ಶಾಲೆಯ ವಿಷಯದಲ್ಲಿ ಜಾಹೀರಾತಿನಲ್ಲಿ ಬರೆದಿರುವುದನ್ನು ನಂಬದೆ ಸ್ಕೂಲ್ ಡಿಸ್ಟ್ರಿಕ್ಟ್ ಕಚೇರಿಗೇ ಫೋನ್ ಮಾಡಿ ವಿಳಾಸ ಕೊಟ್ಟು ಕೇಳಿ, ಏಕೆಂದರೆ ಗಡಿಗಳು ಆಗಾಗ ಬದಲಾಗುತ್ತವೆ. ಸಂಜೆ ಹೊತ್ತು ನಾಯಿ ತಿರುಗಾಡಿಸುತ್ತಿರುವ ನೆರೆಯವರೊಬ್ಬರಿಗೆ ನಮಸ್ಕಾರ ಹೇಳಿ, ಈ ಮನೆ ನೋಡುತ್ತಿದ್ದೇವೆ ಎಂದರೆ ನೆಲಮಾಳಿಗೆಗೆ ಯಾವ ವರ್ಷ ನೀರು ನುಗ್ಗಿತು ಎಂಬುದರಿಂದ ಹಿಡಿದು ಎಚ್‌ಒಎ ಎಂಬ ಬಡಾವಣೆಯ ಮನೆ ಮಾಲೀಕರ ಸಂಘದ ಅಧ್ಯಕ್ಷರ ಸ್ವಭಾವದವರೆಗೆ ಎಲ್ಲವೂ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ನಮಗೆ ಮಾತ್ರ ಹೀಗೆ ಹೇಳುತ್ತಿದ್ದಾರೆಯೇ ಎಂಬ ಅನುಮಾನ ಬಂದರೆ?

ಅನುಮಾನಕ್ಕೆ ಆಧಾರವಿಲ್ಲವೆಂದು ತಳ್ಳಿಹಾಕಲಾಗದು. ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನಲ್ಲಿ ನ್ಯೂಸ್‌ಡೇ ಪತ್ರಿಕೆ ಒಂದೇ ಬಗೆಯ ಆರ್ಥಿಕ ಹಿನ್ನೆಲೆಯ, ಬೇರೆ ಬೇರೆ ಜನಾಂಗದ ಜೋಡಿ ಗಿರಾಕಿಗಳನ್ನು ಗುಪ್ತವಾಗಿ 93 ಏಜೆಂಟರ ಬಳಿ ಕಳಿಸಿ 2019ರ ನವೆಂಬರಿನಲ್ಲಿ ಫಲಿತಾಂಶ ಪ್ರಕಟಿಸಿತು. ಕಪ್ಪು ಜನಾಂಗದವರ ವಿಷಯದಲ್ಲಿ ಶೇಕಡಾ 49, ಲ್ಯಾಟಿನೋಗಳ ವಿಷಯದಲ್ಲಿ ಶೇಕಡಾ 39, ಏಷ್ಯನ್ನರ ವಿಷಯದಲ್ಲಿ ಶೇಕಡಾ 19ರಷ್ಟು ಪರೀಕ್ಷೆಗಳಲ್ಲಿ ಅಸಮಾನ ನಡವಳಿಕೆಯ ಸುಳಿವು ಸಿಕ್ಕಿತು. ಬಿಳಿಯರಿಗೆ ನೇರವಾಗಿ ಮನೆ ತೋರಿಸಿ, ಇತರರಿಗೆ ಬ್ಯಾಂಕಿನ ಪ್ರೀ ಅಪ್ರೂವಲ್ (ಇಷ್ಟು ಸಾಲ ಸಿಗಬಹುದು ಎಂಬ ಪತ್ರ) ತನ್ನಿ ಎಂದು ಹೇಳಿದ ಪ್ರಸಂಗಗಳೂ ಅದರಲ್ಲಿದ್ದವು.

ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ದೂರಲಾಗದು. ‘ಇದು ನಿಮ್ಮ ಎಲ್ಲ ಗಿರಾಕಿಗಳಿಗೂ ಅನ್ವಯಿಸುವ ಪದ್ಧತಿಯೇ?’ ಎಂದು ಇಮೇಲ್‌ನಲ್ಲಿ ವಿನಯವಾಗಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಭೇದ ನಡೆದಿದೆ ಎಂದು ಖಚಿತವಾದರೆ ಕೇಂದ್ರದ ವಸತಿ ಇಲಾಖೆಯಾದ ಹಡ್‌ಗೆ ಒಂದು ವರ್ಷದೊಳಗೆ ದೂರು ಕೊಡಬಹುದು, ನ್ಯಾಯಾಲಯಕ್ಕೆ ಹೋಗಲು ಎರಡು ವರ್ಷಗಳ ಅವಕಾಶವಿದೆ. ಏಜೆಂಟರನ್ನು ಬದಲಿಸುವುದು ಇದೆಲ್ಲಕ್ಕಿಂತ ಬೇಗ ಆಗುವ ಕೆಲಸ, ಅದನ್ನು ಮಾಡಿಕೊಂಡು ದೂರನ್ನೂ ಕೊಡಬಹುದು.

ಓಪನ್ ಹೌಸ್‌ಗೆ ಒಬ್ಬರೇ ಹೋದಾಗ ಎಚ್ಚರ ವಹಿಸಬೇಕಾದ್ದೇನು?

ಬಾಗಿಲಲ್ಲಿ ನಗುತ್ತಾ ನಿಂತು ನೀರಿನ ಬಾಟಲಿ ಕೊಡುವವರು ಮಾರುವವರ ಏಜೆಂಟ್ ಇಲ್ಲವೇ ಅವರ ಪರವಾಗಿ ಕೂತಿರುವವರು, ಹೊಸ ಗಿರಾಕಿಗಳನ್ನು ಹುಡುಕುತ್ತಿರುವವರು. ಅವರ ನಿಷ್ಠೆ ಮಾರುವವರಿಗೆ. ನಿಮ್ಮ ಬಜೆಟ್ ಎಷ್ಟು, ಸಾಲ ಎಷ್ಟಕ್ಕೆ ಮಂಜೂರಾಗಿದೆ, ಬಾಡಿಗೆ ಕರಾರು ಯಾವಾಗ ಮುಗಿಯುತ್ತದೆ ಎಂದು ಮಾತಿನ ನಡುವೆ ಕೇಳುತ್ತಾರೆ. ಅವರಿಗೆ ಹೇಳಿದ್ದು ಮಾರುವವರಿಗೆ ಹೇಳಿದಂತೆಯೇ. ಸಹಿ ಪುಸ್ತಕದಲ್ಲಿ ಹೆಸರು ಬರೆಯುವಾಗ ಪಕ್ಕದಲ್ಲೇ ನಿಮ್ಮ ಏಜೆಂಟರ ಹೆಸರನ್ನೂ ಬರೆಯಿರಿ, ‘ನಮಗೆ ಏಜೆಂಟ್ ಇದ್ದಾರೆ’ ಎಂದು ಬಾಯಲ್ಲೂ ಹೇಳಿ.

ಪ್ರಶ್ನೆ ಕೇಳುವುದಕ್ಕೆ ಅಡ್ಡಿಯಿಲ್ಲ. ಚಾವಣಿ ಯಾವ ವರ್ಷದ್ದು, ಏಕೆ ಮಾರುತ್ತಿದ್ದಾರೆ, ಆಫರ್‌ಗಳಿಗೆ ಕೊನೆಯ ದಿನ ಇಟ್ಟಿದ್ದಾರೆಯೇ ಎಂದು ಕೇಳಿ. 1978ಕ್ಕಿಂತ ಹಿಂದಿನ ಮನೆಯಾದರೆ ಸೀಸದ ಬಣ್ಣದ ಬಗ್ಗೆ ತಮಗೆ ತಿಳಿದಿರುವುದನ್ನು ಮಾರುವವರು ಲಿಖಿತವಾಗಿ ತಿಳಿಸಲೇಬೇಕೆಂದು ಕೇಂದ್ರದ ಕಾನೂನಿದೆ. ಸಾಮಾನ್ಯವಾಗಿ 10 ದಿನಗಳ ತಪಾಸಣೆಯ ಅವಕಾಶವೂ ಸಿಗುತ್ತದೆ. ಗೋಡೆಯೊಂದಕ್ಕೆ ಮಾತ್ರ ಹೊಸ ಬಣ್ಣದ ವಾಸನೆ ಬರುತ್ತಿದ್ದರೆ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.

ಏಜೆಂಟರು ಲಾಕ್‌ಬಾಕ್ಸ್‌ನ (ಬಾಗಿಲಿಗೆ ತಗುಲಿಸಿದ ಕೀಲಿ ಪೆಟ್ಟಿಗೆಯ) ಕೋಡ್ ಕಳಿಸಿ ‘ಮನೆ ಖಾಲಿ ಇದೆ, ನೀವೇ ತೆರೆದು ನೋಡಿ’ ಎಂದರು. ಹೋಗಬಹುದೇ?

ಹೋಗಬೇಡಿ.

ನಾನು ಹೋಗಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ನಮ್ಮ ಮೊದಲ ಏಜೆಂಟರು ತಮಗೆ ಬೇರೆ ಕಡೆ ಕ್ಲೋಸಿಂಗ್ ಇದೆ ಎಂದು ನಾಲ್ಕು ಅಂಕಿಯ ಕೋಡನ್ನು ಮೆಸೇಜ್ ಮಾಡಿದರು. ಬಾಗಿಲ ಹಿಡಿಗೆ ತಗುಲಿಸಿದ್ದ ಪೆಟ್ಟಿಗೆಯ ಮೊದಲ ಅಂಕಿ ತಿರುಗಿಸುವಾಗ ಕಾಲ ಬಳಿ ಎರಡು ಜೊತೆ ಪುಟ್ಟ ಮಳೆ ಬೂಟುಗಳು ಕಂಡವು, ಇನ್ನೂ ಒದ್ದೆ. ಒಳಗಿನಿಂದ ಕಾರ್ಟೂನಿನ ಸದ್ದು ಬರುತ್ತಿತ್ತು. ಮನೆ ಖಾಲಿ ಇರಲಿಲ್ಲ. ಏಜೆಂಟರು ಬೇರೊಂದು ವಿಳಾಸದೊಂದಿಗೆ ಗೊಂದಲ ಮಾಡಿಕೊಂಡಿದ್ದರು. ಮೂರು ಅಂಕಿ ಬಾಕಿ ಇರುವಾಗಲೇ ಸದ್ದಿಲ್ಲದೆ ಮೆಟ್ಟಿಲಿಳಿದು ಬಂದೆ. ಬಂದೂಕು ಇರುವ ಮನೆಗಳು ಈ ದೇಶದಲ್ಲಿ ಕಡಿಮೆಯೇನಿಲ್ಲ ಎಂಬುದು ಕಾರಿನಲ್ಲಿ ಕೂತ ಮೇಲೆ ನೆನಪಾಯಿತು.

ಮಾರುವವರು ಅನುಮತಿ ಕೊಟ್ಟಿರುವುದು ಲೈಸೆನ್ಸ್ ಇರುವ ಏಜೆಂಟರ ಜೊತೆಗಿನ ಪ್ರವೇಶಕ್ಕೆ. ಕೋಡನ್ನು ಮಾರುವವರ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಕೊಡುವುದು ಎಂಎಲ್‌ಎಸ್ ನಿಯಮಗಳ ಉಲ್ಲಂಘನೆ, ದಂಡ ಬೀಳುತ್ತದೆ, ಲೈಸೆನ್ಸಿಗೂ ಕುತ್ತು ಬರಬಹುದು. ಬ್ಲೂಟೂತ್ ಇರುವ ಈಗಿನ ಪೆಟ್ಟಿಗೆಗಳಲ್ಲಿ ಯಾರ ಕೀಲಿಯಿಂದ ಎಷ್ಟು ಗಂಟೆಗೆ ತೆರೆಯಿತು ಎಂಬುದು ದಾಖಲಾಗುತ್ತದೆ. ಆಮೇಲೆ ಆ ಮನೆಯಲ್ಲಿ ಒಂದು ಉಂಗುರ ಕಾಣೆಯಾದರೂ, ನಲ್ಲಿ ತೆರೆದಿಟ್ಟು ನೆಲ ಹಾಳಾದರೂ ಉತ್ತರ ಹೇಳಬೇಕಾದವರು ಯಾರು? ಏಜೆಂಟರಿಗೆ ಬರಲಾಗದಿದ್ದರೆ ಅದೇ ಬ್ರೋಕರೇಜಿನ ಇನ್ನೊಬ್ಬರನ್ನು ಕಳಿಸಲಿ. ಕಳಿಸುತ್ತಾರೆ, ಕೇಳಬೇಕಷ್ಟೆ.

ಆದರೆ ಫೋನಿನಿಂದಲೇ ಬೀಗ ತೆರೆದು ಒಬ್ಬರೇ ನೋಡುವ ವ್ಯವಸ್ಥೆ ಕೆಲವು ಕಡೆ ಅಧಿಕೃತವಾಗಿಯೇ ಇದೆಯಲ್ಲ?

ಇದೆ. ಮನೆಗಳನ್ನು ತಾವೇ ಕೊಂಡು ಮಾರುವ ಕೆಲವು ಕಂಪನಿಗಳು ಮತ್ತು ಹೊಸ ಮನೆ ಕಟ್ಟುವ ಬಿಲ್ಡರ್‌ಗಳು ತಮ್ಮ ಖಾಲಿ ಮನೆಗಳಿಗೆ ಸ್ಮಾರ್ಟ್ ಬೀಗ ಹಾಕಿ, ನಿಮ್ಮ ಗುರುತು ಪರಿಶೀಲಿಸಿ, ನಿಗದಿತ ಹೊತ್ತಿಗೆ ಮಾತ್ರ ಕೆಲಸ ಮಾಡುವ ಕೋಡ್ ಕೊಡುತ್ತವೆ. ಇಲ್ಲಿ ಅನುಮತಿ ಮನೆಯ ಮಾಲೀಕರಿಂದಲೇ ಬಂದಿರುತ್ತದೆ, ಹಾಗಾಗಿ ತೊಂದರೆಯಿಲ್ಲ. ಕೋಡ್ ಕಳಿಸುವ ಮುನ್ನ ಯಾರಾದರೂ ಮುಂಗಡ ಹಣ ಕೇಳಿದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಬಾಡಿಗೆ ಮನೆಗಳಲ್ಲಿ ಇಂಥ ಮೋಸ ಸಾಕಷ್ಟು ನಡೆದಿದೆ.

ಹೊಸ ಬಡಾವಣೆಯ ಮಾದರಿ ಮನೆಗಳನ್ನು ಭಾನುವಾರ ನಾವೇ ಹೋಗಿ ನೋಡಬಹುದೇ?

ಹೋಗುವ ಮುನ್ನ ನಿಮ್ಮ ಏಜೆಂಟರಿಗೆ ಒಂದು ಮಾತು ಹೇಳಿ, ಏಕೆಂದರೆ ಎಷ್ಟೋ ಜನ ಎಡವುವುದು ಇಲ್ಲೇ. ಅನೇಕ ಬಿಲ್ಡರ್‌ಗಳ ನಿಯಮದಂತೆ ಗಿರಾಕಿಯ ಮೊದಲ ಭೇಟಿಯಲ್ಲೇ ಏಜೆಂಟ್ ಜೊತೆಗಿರಬೇಕು ಅಥವಾ ಮೊದಲೇ ಹೆಸರು ನೋಂದಾಯಿಸಿರಬೇಕು. ಇಲ್ಲದಿದ್ದರೆ ಬಿಲ್ಡರ್ ಆ ಏಜೆಂಟರಿಗೆ ಕಮಿಷನ್ ಕೊಡುವುದಿಲ್ಲ. ಆಗ ನೀವು ಸಹಿ ಹಾಕಿದ ಒಪ್ಪಂದದ ಪ್ರಕಾರ ಆ ಹಣ ನಿಮ್ಮ ಜೇಬಿನಿಂದ ಹೋಗಬೇಕಾಗಬಹುದು. ಐದು ಲಕ್ಷ ಡಾಲರಿನ ಮನೆಗೆ ಶೇಕಡಾ 2.5ರಂತೆ ಲೆಕ್ಕ ಹಾಕಿದರೆ 12,500 ಡಾಲರು. ಮಾದರಿ ಮನೆಯ ಕಚೇರಿಯಲ್ಲಿ ಹಸನ್ಮುಖದಿಂದ ಮಾತಾಡಿಸುವವರು ಬಿಲ್ಡರ್‌ನ ಸಂಬಳದವರು ಎಂಬುದೂ ನೆನಪಿರಲಿ.

‘ಲಿಸ್ಟಿಂಗ್ ಏಜೆಂಟ್‌ಗೇ (ಮಾರುವವರ ಏಜೆಂಟರಿಗೇ) ಫೋನ್ ಮಾಡಿ ನೋಡಿಕೊಂಡು ಬನ್ನಿ’ ಎಂದು ನಮ್ಮ ಏಜೆಂಟರು ಹೇಳಿದರು.

ಹೊರಗಿನಿಂದ ನೋಡುವುದಕ್ಕೂ ಇದಕ್ಕೂ ಅಜಗಜಾಂತರ. ಆ ಮನೆಯನ್ನು ನಿಮಗೆ ತೋರಿಸಿ ಮಾರಾಟಕ್ಕೆ ಕಾರಣರಾದವರು ಯಾರು ಎಂಬ ಜಗಳ ಮುಂದೆ ಇಬ್ಬರು ಏಜೆಂಟರ ನಡುವೆ ಹುಟ್ಟಬಹುದು. ಅದಕ್ಕಿಂತ ಮುಖ್ಯವಾಗಿ, ಲಿಸ್ಟಿಂಗ್ ಏಜೆಂಟರು ‘ಎರಡೂ ಕಡೆ ನಾನೇ ನೋಡಿಕೊಳ್ಳುತ್ತೇನೆ’ ಎನ್ನಬಹುದು. ಒಬ್ಬರೇ ಎರಡೂ ಕಡೆಯ ಪ್ರತಿನಿಧಿಯಾಗುವುದಕ್ಕೆ ಫ್ಲಾರಿಡಾ, ಕೊಲರಾಡೊ, ಕಾನ್ಸಾಸ್‌ನಂಥ ರಾಜ್ಯಗಳಲ್ಲಿ ಅವಕಾಶವಿಲ್ಲ. ಉಳಿದ ಅನೇಕ ಕಡೆ ಇಬ್ಬರ ಲಿಖಿತ ಒಪ್ಪಿಗೆ ಬೇಕು. ಅವಕಾಶವಿರುವ ಕಡೆಯಲ್ಲೂ ಬೆಲೆಯ ವಿಷಯದಲ್ಲಿ ಅವರು ನಿಮ್ಮ ಪರ ವಾದಿಸಲಾರರು. ನಿಮ್ಮ ಏಜೆಂಟರು ಈ ಮಾತನ್ನು ಎರಡನೆಯ ಸಲ ಹೇಳಿದರೆ ಬೇರೆಯವರನ್ನು ಹುಡುಕುವ ಕಾಲ ಬಂದಿದೆ ಎಂದೇ ನನ್ನ ಅಭಿಪ್ರಾಯ.

ಮನೆಯೊಳಗೆ ಕ್ಯಾಮರಾ ಇರುತ್ತದೆಯೇ?

ಇದೆಯೆಂದೇ ತಿಳಿದು ನಡೆದುಕೊಳ್ಳಿ. ಮಾತನ್ನು ಗುಟ್ಟಾಗಿ ಧ್ವನಿಮುದ್ರಿಸುವುದಕ್ಕೆ ಕೇಂದ್ರದ ಕಾನೂನೂ ಅಡ್ಡಿ, ಕ್ಯಾಲಿಫೋರ್ನಿಯಾ, ಪೆನ್ಸಿಲ್ವೇನಿಯಾಗಳಂಥ ರಾಜ್ಯಗಳ ಕಾನೂನು ಇನ್ನೂ ಬಿಗಿ. ಆದರೂ ಬಾಗಿಲ ಗಂಟೆಯಲ್ಲೇ ಕ್ಯಾಮರಾ ಇರುವ ಕಾಲದಲ್ಲಿ ಕಾನೂನನ್ನು ನಂಬಿ ಬಾಯಿ ಬಿಡುವುದು ಜಾಣತನವಲ್ಲ. ‘ಕನ್ನಡದಲ್ಲಿ ಮಾತಾಡಿಕೊಂಡರೆ ಯಾರಿಗೆ ಗೊತ್ತಾಗುತ್ತೆ’ ಎನ್ನುವವರಿದ್ದಾರೆ. ಈಗ ಫೋನೇ ಕನ್ನಡ ಕೇಳಿಸಿಕೊಂಡು ಅನುವಾದಿಸುತ್ತದೆ, ಮಾರುವವರೇ ಕನ್ನಡಿಗರಾಗಿರಲೂಬಹುದು. ‘ಇನ್ನೂ ಇಪ್ಪತ್ತು ಸಾವಿರ ಹೆಚ್ಚು ಕೊಟ್ಟಾದರೂ ತಗೊಳ್ಳೋಣ’ ಎಂಬ ಮಾತು ಕಾರಿನ ಬಾಗಿಲು ಹಾಕಿಕೊಂಡ ಮೇಲೆ ಆಗಲಿ.

ಎಷ್ಟು ಮನೆಗಳನ್ನು ನಾವೇ ನೋಡುವುದು ನ್ಯಾಯ? ಎಲ್ಲವನ್ನೂ ನಾವೇ ನೋಡಿದರೆ ಕಮಿಷನ್ ಏಕೆ ಕೊಡಬೇಕು?

ರಿಯಲ್ಟರ್ ಸಂಘದ 2024ರ ಸಮೀಕ್ಷೆಯಂತೆ ಸಾಮಾನ್ಯ ಖರೀದಿದಾರರು ಸುಮಾರು 10 ವಾರ ಹುಡುಕಿ ಏಳು ಮನೆಗಳನ್ನು ನೋಡುತ್ತಾರೆ, ಅದರಲ್ಲಿ ಎರಡನ್ನು ಪರದೆಯ ಮೇಲೆ ಮಾತ್ರ. ಎಂದರೆ ಐದು ಮನೆಯ ಬಾಗಿಲು ತೆಗೆದು ತೋರಿಸುವುದು ಯಾವ ಏಜೆಂಟರಿಗೂ ಹೊರೆಯಲ್ಲ. ನನ್ನ ಪ್ರಕಾರ ಹೊರಗಿನಿಂದ ನೋಡಿ ಜರಡಿ ಹಿಡಿಯುವುದು ಪೂರ್ತಿ ನಿಮ್ಮ ಕೆಲಸ, ಉಳಿದವುಗಳ ಒಳಗೆ ಜೊತೆಯಲ್ಲಿ ನಡೆಯುವುದು ಪೂರ್ತಿ ಅವರ ಕೆಲಸ. ನುರಿತ ಏಜೆಂಟ್ ಒಳಗೆ ಬಂದರೆ ಕಿಟಕಿಯ ಗಾಜಿನ ನಡುವಿನ ಮಂಜು, ನೆಲಮಾಳಿಗೆಯ ಗೋಡೆಯಲ್ಲಿನ ಅಡ್ಡ ಬಿರುಕು, ಪರ್ಮಿಟ್ ಇಲ್ಲದೆ ಗ್ಯಾರೇಜನ್ನು ಕೋಣೆ ಮಾಡಿರುವ ಗುರುತು ಅವರ ಕಣ್ಣಿಗೆ ಮೊದಲು ಬೀಳುತ್ತದೆ. ಆಫರ್ ಬರೆಯುವಾಗ ಅದೆಲ್ಲ ಲೆಕ್ಕಕ್ಕೆ ಬರುತ್ತದೆ. ಮನೆಯನ್ನೇ ನೋಡದ ಏಜೆಂಟರು ಬೆಲೆಯ ಸಲಹೆ ಕೊಡುವುದು ಹೇಗೆ?

ನೀವೇ ಹೆಚ್ಚು ಓಡಾಡಲು ಸಿದ್ಧರಿದ್ದರೆ ಅದನ್ನು ಸಹಿಗೆ ಮೊದಲೇ ಮೇಜಿನ ಮೇಲಿಡಿ. ‘ಮನೆಗಳನ್ನು ನಾವೇ ಆರಿಸಿ ತರುತ್ತೇವೆ, ಓಪನ್ ಹೌಸ್‌ಗಳನ್ನು ನಾವೇ ನೋಡುತ್ತೇವೆ, ನೀವು ಐದು ಮನೆ ತೋರಿಸಿ ಆಫರ್‌ನಿಂದ ಕ್ಲೋಸಿಂಗ್‌ವರೆಗೆ ನೋಡಿಕೊಳ್ಳಿ, ಅದಕ್ಕೆ ಶೇಕಡಾ 2ಕ್ಕೆ ಒಪ್ಪುತ್ತೀರಾ?’ ಎಂದು ಕೇಳುವುದರಲ್ಲಿ ಸಂಕೋಚಪಡುವಂಥದ್ದು ಏನಿಲ್ಲ. ಸಹಿಯಾದ ಮೇಲೆ ಇದೇ ಮಾತು ದೂರಿನಂತೆ ಕೇಳಿಸುತ್ತದೆ.

ವಿಡಿಯೋ, 3ಡಿ ಟೂರ್ ನೋಡಿದರೆ ಸಾಲದೇ?

ಕೋಣೆಗಳ ಜೋಡಣೆ ತಿಳಿಯಲು ಸಾಕು. ವಾಸನೆ, ಸದ್ದು, ನೆಲದ ಇಳಿಜಾರು ಅದರಲ್ಲಿ ಬರುವುದಿಲ್ಲ.

ಕ್ಲೋಸಿಂಗ್‌ಗೆ ಮುಂಚಿನ ಕೊನೆಯ ವಾಕ್‌ಥ್ರೂಗೂ ಒಬ್ಬರೇ ಹೋಗಿ ಎನ್ನುತ್ತಾರೆ. ಒಪ್ಪಬಹುದೇ?

ಒಪ್ಪಬೇಡಿ. ಸಾಮಾನ್ಯವಾಗಿ ಕ್ಲೋಸಿಂಗ್‌ನ ಹಿಂದಿನ ದಿನ ಅಥವಾ ಅದೇ ದಿನ ಬೆಳಿಗ್ಗೆ ನಡೆಯುವ ಈ ಭೇಟಿಯಲ್ಲಿ ಒಪ್ಪಿಕೊಂಡ ರಿಪೇರಿಗಳು ಆಗಿವೆಯೇ, ಕೊಡುತ್ತೇವೆಂದ ಫ್ರಿಜ್ ಜಾಗದಲ್ಲಿದೆಯೇ, ಸಾಮಾನು ಸಾಗಿಸುವಾಗ ಗೋಡೆ ಕಿತ್ತಿದೆಯೇ ಎಂದು ನೋಡುತ್ತೀರಿ. ಏನಾದರೂ ಕೊರತೆ ಕಂಡರೆ ಅಲ್ಲಿ ನಿಂತೇ ಮಾರುವವರ ಏಜೆಂಟರಿಗೆ ಫೋನ್ ಮಾಡಿ ಹಣ ತಡೆಹಿಡಿಯುವ ಅಥವಾ ಕ್ಲೋಸಿಂಗ್ ಮುಂದೂಡುವ ಮಾತಾಡಬೇಕು, ಮತ್ತು ಆ ಫೋನ್ ಮಾಡಬೇಕಾದವರು ನಿಮ್ಮ ಏಜೆಂಟರು. ಹೋಗುವಾಗ ಫೋನಿನ ಚಾರ್ಜರ್ ಒಂದನ್ನು ತೆಗೆದುಕೊಂಡು ಹೋಗಿ ಪ್ರತಿಯೊಂದು ವಿದ್ಯುತ್ ಸಾಕೆಟ್‌ಗೂ ಚುಚ್ಚಿ ನೋಡಿ. ನಮ್ಮ ಮನೆಯಲ್ಲಿ ಎರಡು ಸತ್ತಿದ್ದವು, ಸಹಿ ಮಾಡುವ ಮುನ್ನ 300 ಡಾಲರು ವಾಪಸ್ ಬಂತು.